ಇನ್ನೂರ ಹದಿನಾಲ್ಕನೆಯ ಸನ್ನಿವೇಶ

ರೊಹುಕ್ಯುಲದ ದಕ್ಕೆಯಲ್ಲಿ ಮೂವತ್ತೊಂದು ವರ್ಷ
ಟಿಕೆಟ್ ಹರಿದವಳು ಹೆಲ್ವೆ.
ಅವಳ ಕಿಟಕಿ ಮುಚ್ಚಿ ಯಂತ್ರ ಕೂರಿಸುವ ಮೊದಲು
ನನ್ನನ್ನು ಕಳಿಸಿದರು,
ಅವಳಿಗೆ ಗೊತ್ತಿರುವುದನ್ನೆಲ್ಲ ಬರೆದುಕೊಂಡು ಬಾ ಎಂದು.

ಮೂರೇ ಮಾತು ಕಲಿಸಿದೆ:
ಹೀಗಿರುವಾಗ, ಹೀಗಾದರೆ, ಹೀಗಾಗಬೇಕು.
ಇಷ್ಟೇನಾ, ನನ್ನ ಅಳಿಯನಿಗೂ ಹೇಳಿಕೊಡು, ಎಂದು ನಕ್ಕಳು.
ಕಾಫಿ ಬಗ್ಗಿಸಿ ಶುರುಮಾಡಿದಳು.

ದ್ವೀಪದವನೇ ಆಗಿರುವಾಗ, ಕಾರು ತಂದರೆ, ಅರ್ಧ ದರವಾಗಬೇಕು.
ಗಾಳಿ ಹದಿನೆಂಟು ದಾಟಿರುವಾಗ, ಕುದುರೆ ಹೇರಿದ ಗಾಡಿ ಬಂದರೆ,
ನಾಳೆ ಬಾ ಎನ್ನಬೇಕು.
ಆಮೇಲೆ ಲೋಟ ಕೆಳಗಿಟ್ಟು:
ಹೆಣದ ಗಾಡಿ ಬಂದರೆ
ಸಾಲಿಲ್ಲ, ಕಾಸಿಲ್ಲ, ಮೊದಲು ಅದು.

ಯಾವ ಕಡತದಲ್ಲಿದೆ, ಕೇಳಿದೆ.
ಕಡತ ಯಾಕೆ? ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ.
ಆ ರಾತ್ರಿ ಓಡಿಸಿದರೆ ಇನ್ನೂರ ಹದಿಮೂರು ಹಸಿರು, ಒಂದು ಕೆಂಪು.
ಆಗಬೇಕಾದದ್ದು ಸೊನ್ನೆ, ಆದದ್ದು ಮೂವತ್ತೆರಡು ಯೂರೋ ನಲವತ್ತು;
ಸಾಲಿನಲ್ಲಿ ಹತ್ತೊಂಬತ್ತನೆಯ ಜಾಗ;
ವಾಪಸು ಬರುವ ಟಿಕೆಟ್ಟೂ ಬೇಕೇ ಎಂಬ ಪ್ರಶ್ನೆ ಬೇರೆ.

ತಾವಿ ಹುಬ್ಬೇರಿಸಿದ: ವರ್ಷಕ್ಕೆ ಎಷ್ಟು ಹೆಣ? ಅದಕ್ಕೊಂದು ಕೋಡು?
ನಾನು ಮಾತಾಡಲಿಲ್ಲ. ಕೆಂಪು ಕೆಂಪಾಗಿಯೇ ಇತ್ತು
ಸೋಮವಾರ. ಮಂಗಳವಾರ.
ಕೆಂಪಿದ್ದರೆ ಬಿಡುಗಡೆಯಿಲ್ಲ, ಅವನೇ ಮಾಡಿದ ನಿಯಮ.
ಬುಧವಾರ, ಬೈಯುತ್ತಲೇ, ಹನ್ನೊಂದು ಸಾಲು ಬರೆದ.

ಸತ್ತವನಿಗೊಂದು ಹೆಸರು ಬೇಕಿತ್ತು. ಹೆಲ್ವೆಗೆ ಫೋನು ಮಾಡಿದೆ.
ಬಹಳ ಹೊತ್ತು ನೀರು ಕುದಿಯುವ ಸದ್ದಷ್ಟೇ ಕೇಳಿತು.
ಎಲ್ಮಾರ್ ಅಂತ ಬರಿ, ಎಂದಳು.
ಅವನು ಹೇಗೂ ಸಿಗಲಿಲ್ಲ, ಕಡಲಲ್ಲಿ.

ಈಗ ದಿನಾ ರಾತ್ರಿ ಎರಡೂಕಾಲಿಗೆ
ತಾಲಿನ್ನಿನ ಯಾವುದೋ ನೆಲಮಾಳಿಗೆಯ ಸರ್ವರಿನಲ್ಲಿ
ಇಲ್ಲದ ಹಡಗೊಂದು ಇಲ್ಲದ ದಕ್ಕೆಗೆ ತಾಗುತ್ತದೆ.
ಇಲ್ಲದ ಕಾರುಗಳು ಇಲ್ಲದ ಮಂಜಿನಲ್ಲಿ ಪಕ್ಕಕ್ಕೆ ಸರಿದು
ಕರಿಗಾಡಿಗೆ ದಾರಿ ಬಿಡುತ್ತವೆ.
ಎಲ್ಮಾರ್ ಮೊದಲು ಹತ್ತುತ್ತಾನೆ.
ಒಮ್ಮೊಮ್ಮೆ ಗೇಟು ತೆರೆಯುವುದು ತಡವಾಗಿ
ಪರೀಕ್ಷೆ ಕಾದು ಕಾದು ಬಿದ್ದುಹೋಗುತ್ತದೆ.
ಕಾರಣ ಹುಡುಕಬೇಕು ನಿಜ. ಸುಮ್ಮನೆ ಇನ್ನೊಮ್ಮೆ ಓಡಿಸುತ್ತೇನೆ.

ಮುಗಿದ ಮೇಲೆ ಯಂತ್ರ ಎಲ್ಲವನ್ನೂ ಒರೆಸಿಹಾಕುತ್ತದೆ
ಹಡಗು, ಸಾಲು, ಸೊನ್ನೆ ಬೆಲೆಯ ಚೀಟಿ.
ನಾಳೆ ರಾತ್ರಿ ಮತ್ತೆ ಮೊದಲ ಸಾಲಿನಿಂದ:
ಎಲ್ಮಾರ್ ಇನ್ನೂ ಮನೆ ಸೇರದೆ ಇರುವಾಗ,