ಮುಂದಿನವರ ಡಬ್ಬಿಗೆ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲು.
ಹತ್ತು ಎಚ್‌ಪಿ ಮೋಟಾರು, ಒಂದು ಜೊತೆ ಕಲ್ಲು,
ಗೋಡೆಯ ಮೇಲೆ ನನ್ನದೇ ಅಕ್ಷರದ ಬೋರ್ಡು:
'ಎಣ್ಣೆಕಾಳು ಬೀಸುವುದಿಲ್ಲ. ದಯವಿಟ್ಟು ಕೇಳಬೇಡಿ.'

ಕೇಳಿದಳು.
ಸ್ಟೀಲಿನ ಡಬ್ಬಿ, ಬಾಯಿಗೆ ಕಟ್ಟಿದ ಹಳೇ ಸೀರೆಯಂಚು,
ಒಳಗೆ ರಾಗಿ. ರಾಗಿಯ ನಡುವೆ
ರಾಗಿಯಲ್ಲದ ಏನೋ,
ಚಪ್ಪಟೆ, ಕಂದು, ಮುಷ್ಟಿಯಲ್ಲಿ ಹಿಡಿದರೆ
ಬೆರಳ ಸಂದಿಯಿಂದ ಮೀನುಮರಿಯಂತೆ ಜಾರುವ ಕಾಳು.

'ಏನವ್ವಾ ಇದು?'
'ಅಗಸಿ ರೀ.'
'ಅಗಸೆಯಾ? ಅದು ಮರ ಅಲ್ವಾ,
ತೋಟದಲ್ಲಿ ವೀಳ್ಯದ ಬಳ್ಳಿ ಹಬ್ಬಿಸ್ತಾರಲ್ಲ,
ಸೊಪ್ಪನ್ನ ಆಡಿಗೆ ಹಾಕ್ತೀವಿ.'

ನಕ್ಕಳು. ನರೇಗಲ್ಲಿನ ಕಡೆಯವಳಂತೆ, ಹೆಸರು ನೀಲವ್ವ,
ಗಂಡನಿಗೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹತ್ತಿರ ಕೆಲಸ.
'ನಿಮ್ಮದು ಮರ, ನಮ್ಮದು ಮೊಣಕಾಲೆತ್ತರ.
ಎರಿ ಹೊಲದಾಗ ಹಿಂಗಾರಿಗೆ ನೀಲಿ ಹೂ ಬಿಡತೈತ್ರಿ.
ಮುಂಜಾನಿ ಅಷ್ಟ.
ಮಧ್ಯಾಹ್ನ ಹೋಗಿ ನೋಡಿದ್ರ ಏನೂ ಇರೂದಿಲ್ಲ,
ಯಾರೋ ಸೀರಿ ಒಣಗಿಸಿ ತಗೊಂಡು ಹೋದಂಗ.'

ಬೋರ್ಡು ತೋರಿಸಿದೆ. ಎಣ್ಣೆಕಾಳು ಕಲ್ಲಿಗೆ ಮೆತ್ತಿಕೊಳ್ಳುತ್ತೆ,
ಕಲ್ಲು ಕಾಯುತ್ತೆ, ಆಮೇಲೆ ಉಳಿ ಹಿಡಿದು ಹಲ್ಲು ಹೊಡೆಯುವವನನ್ನ
ನಾನು ಪಾಂಡವಪುರದಿಂದ ಕರೆಸಬೇಕು,
ಅವನು ಬಂದರೆ ಎರಡು ದಿನ ಕಾಫಿಯನ್ನೇ ಕುಡಿಯುತ್ತಾನೆ.
'ಹುರದು ತಂದೀನ್ರಿ,' ಅಂದಳು. 'ಚಟಪಟ ಅನ್ನೂತನಾ ಹುರದೀನಿ.
ಐದು ಸೇರು ರಾಗಿಗೆ ಎರಡ ಹಿಡಿ.
ಕಲ್ಲಿಗೆ ಗೊತ್ತ ಆಗೂದಿಲ್ಲ.'

ಮಿಲ್ಲಿನವನಿಗೆ ಹಾಗೆ ಹೇಳಬಾರದು.
ಮೂವತ್ತೊಂದು ವರ್ಷದಿಂದ, ಕಲ್ಲಿಗೆ ಗೊತ್ತಾಗುವ ಮೊದಲೇ
ನನಗೆ ಗೊತ್ತಾಗಿದೆ: ಮಣ್ಣು, ಹುಳು, ರೇಷನ್ ಗೋಧಿ,
ಅತ್ತೆಯ ಮೇಲಿನ ಸಿಟ್ಟಿಗೆ ಸೊಸೆ ಅರ್ಧ ಒಣಗಿಸಿದ ಅಕ್ಕಿ.
ಆದರೂ ಸುರಿದೆ.
ಆ ಒಣಗಿಸಿದ ಸೀರೆಯ ಮಾತಿಗಿರಬಹುದು.

ಮೋಟಾರು ಒಂದು ಸಲ ಕೆಮ್ಮಿತು, ಅಷ್ಟೇ.
ಹಿಟ್ಟು ಇಳಿಯಿತು ಬೆಚ್ಚಗೆ,
ಎಂದಿಗಿಂತ ಒಂಚೂರು ಭಾರವಾಗಿ.
ಹುಚ್ಚೆಳ್ಳು ಹುರಿಯುವ ಮನೆಯ
ಪಕ್ಕದ ಮನೆಯಲ್ಲಿ ಕೂತಂಥ ಘಮ.

ಈಗ ನಮ್ಮ ಕಸುಬಿನ ಗುಟ್ಟು ಹೇಳುತ್ತೇನೆ.
ಯಾವ ಮಿಲ್ಲೂ ಪೂರ್ತಿ ಖಾಲಿಯಾಗುವುದಿಲ್ಲ.
ಕಲ್ಲಿನ ಸಂದಿಯಲ್ಲಿ, ಬಟ್ಟೆಯ ತೋಳಿನ ಮಡಿಕೆಯಲ್ಲಿ
ಒಂದಿಷ್ಟು ಉಳಿದೇ ಉಳಿಯುತ್ತೆ,
ಮುಂದಿನವರ ಡಬ್ಬಿಗೆ ಹೋಗುತ್ತೆ.
ಇದಕ್ಕೇ ಜಗಳ: 'ನನಗಿಂತ ಮುಂಚೆ ಯಾರದು ಬೀಸಿದೆ?'
ತೋಳನ್ನು ಪಟಪಟ ಬಡಿಯುತ್ತೇನೆ,
ಅವರಿಗೆ ಸದ್ದು ಕೇಳಲೆಂದು.

ಅವತ್ತು ನೀಲವ್ವನ ಹಿಂದೆ ಹೂವಿನಂಗಡಿ ದುಂಡಮ್ಮ,
ಅವಳ ಹಿಂದೆ ಸೈಕಲ್ ಶಾಪಿನ ಮುನೀರ್ ಸಾಬರು,
ಆಮೇಲೆ ಲಾಯರ ಮನೆಯ ಹುಡುಗ, ಕಿವಿಗೆ ಫೋನು.

ವಾರ ಕಳೆದು ದುಂಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.
'ಏನಾಕ್ದಪ್ಪಾ ನನ್ನಿಟ್ಗೆ?
ಮುದ್ದೆ ಘಮ್ ಅಂತೈತೆ. ಮೊಮ್ಮಗ ಇನ್ನರ್ಧ ಕೇಳ್ದ.'
ಮುನೀರ್ ಸಾಬರದು ಬೇರೆ ರಾಗ:
ರೊಟ್ಟಿ ಯಾಕೋ ಕಮಟು ಅನ್ನುತ್ತಿದ್ದಾರಂತೆ ಮನೆಯಲ್ಲಿ.
ಕಲ್ಲು ಹೊಸದು, ಅಂದೆ ಇಬ್ಬರಿಗೂ.

ಮನೆಯಲ್ಲಿ ದೇವೀರಮ್ಮ ಮುದ್ದೆ ಮುರಿದು ದೀಪಕ್ಕೆ ಹಿಡಿದಳು,
ಕಂದು ಚೂರೊಂದು ಮಿಂಚಿತು.
'ಹೊಟ್ಟು ಬಿಟ್ಟಿದ್ದೀಯಾ.'
'ಹೊಟ್ಟಲ್ಲ.'
'ಮತ್ತೇನು?'
ಬಸ್ಸಾರಿಗೆ ಅದ್ದಿ ನುಂಗಿದೆ.
ಮುದ್ದೆ ನುಂಗುವಾಗ ಮಾತಾಡಬಾರದು ಅಂತ
ನಮ್ಮವ್ವ ಹೇಳಿಕೊಟ್ಟಿದ್ದು ಎಷ್ಟು ಒಳ್ಳೆಯದಾಯಿತು.

ಬೋರ್ಡು ಇನ್ನೂ ಗೋಡೆಯ ಮೇಲಿದೆ.
ಸೋಮವಾರ ಬೆಳಿಗ್ಗೆ, ಕರೆಂಟು ಬರುವ ಮೊದಲು,
ಸಾಲಿನ ಕೊನೆಯಲ್ಲಿರುವ ಸೀರೆಯಂಚಿನ ಡಬ್ಬಿಯನ್ನು
ಕಾಲಿನಿಂದ ಮೆಲ್ಲಗೆ
ಮುಂದಕ್ಕೆ ತಳ್ಳುತ್ತೇನೆ.