ರೋಗದ ಮಡಿ

ಆಳಂದ ರಸ್ತೆಯ ನಮ್ಮ ಹೊಲದಲ್ಲಿ ಒಂದು ಮಡಿ ಇದೆ.
ಪ್ರತಿ ಜೂನಿಗೆ ಅದಕ್ಕೆ ನಾವೇ ರೋಗ ಉಣಿಸುತ್ತೇವೆ.
ಹೋದ ವರ್ಷ ನೆಟೆ ಬಿದ್ದು ಸತ್ತ ತೊಗರಿಯ ಕಾಂಡಗಳನ್ನು
ಚಾಂದಬಿ ಗೇಣುದ್ದ ಕತ್ತರಿಸಿ
ಎರೆಮಣ್ಣಿನಲ್ಲಿ ಹೂಳುತ್ತಾಳೆ, ಬೀಜ ಊರಿದ ಹಾಗೆ.
"ಊರಿಗೂರೇ ಬ್ಯಾನಿ ಹೋಗ್ಲಿ ಅಂತ ಹರಕಿ ಹೊರ್ತದ,
ನಿಮ್ಮ ಸಾಹೇಬ್ರು ಬ್ಯಾನಿ ಸಾಕ್ಲತ್ತಾರ" ಎಂದು ನಗುತ್ತಾಳೆ.
ಕೂಲಿ ಗುಂಡಿಗಳ ಲೆಕ್ಕಕ್ಕೆ. ನಗು ಅವಳದೇ ಖರ್ಚು.

ಇಲ್ಲಿ ಬದುಕಿ ಉಳಿದ ಗಿಡಕ್ಕೆ ಮಾತ್ರ ಹೆಸರಿಡುತ್ತಾರೆ.
ಅಲ್ಲಿಯವರೆಗೆ ನಂಬರು, ತಗಡಿನ ಚೀಟಿ.

ಹಳದಿ ಹೂ ಬರುವ ಹೊತ್ತಿಗೆ
ಬುಡದಿಂದ ನೇರಳೆ ಪಟ್ಟಿಯೊಂದು ಏರುತ್ತದೆ,
ಸೀರೆಯ ಅಂಚಿನಂತೆ, ಒಂದೇ ಮಗ್ಗುಲಿಗೆ.
ತೊಗಟೆ ಸುಲಿದರೆ ಒಳಗೆ ಕಪ್ಪು ಗೀಟು.
ನೀರಿನ ದಾರಿಯಲ್ಲೇ ನಡೆದು ಬಂದಿದೆ ಅದು.
ನೆಲದಲ್ಲಿ ಹಸಿ ಇದ್ದೂ ಎಲೆ ಜೋತು ಬೀಳುವುದು ಅದಕ್ಕೇ.

ಗಿಡ ಸುಮ್ಮನಿರುತ್ತದೆ ಅಂದುಕೊಂಡಿದ್ದೆ.
ಸುಮ್ಮನಿಲ್ಲ.
ಬೇರಿಗೆ ಪರರ ಎಳೆ ತಾಕಿದ ಗಳಿಗೆ
ಗಾಳಿಯನ್ನೇ ಮುರಿದು ಕಿಡಿ ಮಾಡುತ್ತದೆ,
ಔಷಧದಂಗಡಿಯ ಕಂದು ಬಾಟಲಿಯಲ್ಲಿ ಸಿಗುತ್ತದಲ್ಲ,
ಗಾಯಕ್ಕೆ ಸುರಿಯುವ ಉರಿನೀರು, ಪೆರಾಕ್ಸೈಡ್,
ಅದನ್ನೇ ತನ್ನ ಗೋಡೆಗಳ ಸಂದಿಯಲ್ಲಿ ಎರಚುತ್ತದೆ.
ಒಂದೆರಡು ಕೋಣೆ ಸುಟ್ಟುಹೋದರೂ ಸರಿ.
ಬಣ್ಣದಲ್ಲಿ ಬೇರು ಅದ್ದಿಟ್ಟು ರಾತ್ರಿಯೆಲ್ಲ ಕಾದು
ನಾನು ಕಂಡದ್ದು ಇಷ್ಟೇ:
ಕಾದಾಡಿದ ಜಾಗಕ್ಕೆಲ್ಲ ಚಹಾ ಕಲೆಯ ಬಣ್ಣ.

ಬೂಷ್ಟು ಓಡಿಹೋಗುವುದಿಲ್ಲ.
ಅದಕ್ಕೊಂದು ಕಸುಬು ಗೊತ್ತು, ಬಹಳ ಹಳೆಯದು:
ಉರಿನೀರಿನ ಗಂಟು ಬಿಚ್ಚುವುದು,
ನೀರು ಇತ್ತ, ಗಾಳಿ ಅತ್ತ.
ಅಷ್ಟೂ ಸಾಲದಿದ್ದರೆ
ಗಂಧಕ ಹೊತ್ತ ಪುಟ್ಟ ಅಣುಗಳನ್ನು ಒಳಗೆ ಕೂಡಿಟ್ಟಿರುತ್ತದೆ,
ಬೆಂಕಿ ಬಂದರೆ ಎಲ್ಲರಿಗಿಂತ ಮೊದಲು ತಾವು ಬೇಯುವಂಥವು,
ಮನೆಯ ಹಿರಿಮಗಳ ಹಾಗೆ.
ಬೆಂದದ್ದನ್ನು ಮತ್ತೆ ಹಸಿ ಮಾಡಿ
ಅದೇ ಬಾಗಿಲಲ್ಲಿ ನಿಲ್ಲಿಸುತ್ತದೆ.

ದೀಪಾವಳಿಯ ಹಿಂದುಮುಂದು, ಚಾಂದಬಿಯ ಅಂಗೈಗೆ ಕುಡುಗೋಲು ತಾಗಿತು.
ಸಿಂಕಿನ ಹತ್ತಿರ ಕೂರಿಸಿ ಕಂದು ಬಾಟಲಿ ಸುರಿದೆ.
ಬುಸ್ಸೆಂದು ನೊರೆ.
"ಕೆಟ್ಟದ್ದು ಹೊರಗ ಬರ್ಲತ್ತದ ನೋಡ್ರಿ" ಎಂದಳು.
ಹೂಂ ಅಂದುಬಿಡಬಹುದಿತ್ತು.
ಪಕ್ಕದ ತಟ್ಟೆಯಲ್ಲಿ ಎಂಟು ದಿನದ ಬೂಷ್ಟು,
ಹಿಂಜಿದ ಹತ್ತಿಯಂತೆ ಬೆಳ್ಳಗೆ ಮಲಗಿತ್ತು.
ಅದರ ಮೇಲೂ ಎರಡು ಹನಿ ಹಾಕಿ ತೋರಿಸಿದೆ.
ಅದೇ ಬುಸ್ಸು.

ಅವಳು ಕೈ ನೋಡಿಕೊಂಡಳು, ತಟ್ಟೆ ನೋಡಿದಳು.
"ಅಂದ್ರ ಇದು ಹೊಲಸಲ್ಲ, ನನ್ನ ರಗತನೇ?"
ನಿನ್ನ ರಕ್ತವೇ, ಚಾಂದಬಿ.
ಉರಿಯನ್ನು ನೀರು ಮಾಡಲು ನಿನಗೂ ಬರುತ್ತದೆ,
ಅದಕ್ಕೂ ಬರುತ್ತದೆ, ಉರಿ ಎರಚಿದ ತೊಗರಿಗೂ ಬರುತ್ತದೆ.
"ಹಂಗಾದ್ರ ಜಗಳ ಯಾತರದ್ದು?"

ನನ್ನ ಪ್ರಬಂಧದಲ್ಲಿ ಇದಕ್ಕೆ ಅಧ್ಯಾಯವಿಲ್ಲ.
ಕೋಷ್ಟಕಗಳಿವೆ: ಎಷ್ಟನೇ ಗಂಟೆಗೆ ಉರಿ,
ಎಷ್ಟನೇ ಗಂಟೆಗೆ ತಣಿವು, ಯಾರು ಮೊದಲು.
ಕಾಲು ಗಂಟೆ ತಡವಾದ ಗಿಡ
ಸಂಕ್ರಾಂತಿ ನೋಡುವುದಿಲ್ಲ.

ಈಗ ಮಡಿಯೆಲ್ಲ ಒಣ ಕಡ್ಡಿ.
ನಲವತ್ತೊಂದನೇ ನಂಬರು ಮಾತ್ರ ಕಾಯಿ ಜಗ್ಗಿ ನಿಂತಿದೆ,
ಯಾವ ಹೆಮ್ಮೆಯೂ ಇಲ್ಲದೆ, ಒಂದು ಕಡೆ ವಾಲಿಕೊಂಡು.
ಬೇರು ಕಿತ್ತು ನೋಡುವ ಆಸೆ ನನಗೆ,
ಚಹಾ ಕಲೆ ಎಲ್ಲೆಲ್ಲಿ ಬಿದ್ದಿದೆಯೋ.
ಸಾಹೇಬರು ಬೇಡ ಎಂದಿದ್ದಾರೆ, ಮೊದಲು ಬೀಜ.

ಚಾಂದಬಿ ಅದರ ಕಾಯಿ ಬಿಡಿಸಿ ಬಟ್ಟೆ ಚೀಲಕ್ಕೆ ಹಾಕಿದಳು,
ಬಾಯಿ ಕಟ್ಟಿ ನಂಬರು ಬರೆಸಿಕೊಂಡಳು.
ಆಮೇಲೆ ಸತ್ತವುಗಳ ಕಡೆ ತಿರುಗಿ
ನೇರಳೆ ಪಟ್ಟಿ ದಟ್ಟವಾಗಿದ್ದ ಕಾಂಡಗಳನ್ನೇ ಆರಿಸತೊಡಗಿದಳು.
ಅಂಗೈಯ ಗಾಯ ಮಾಯ್ದು ಗೆರೆಯಾಗಿದೆ.
"ಚಲೋವು ಹೂಳ್ತೀನ್ರಿ ಬರೋ ಜೂನಿಗೆ.
ಪಾಪ, ಬ್ಯಾನಿನೂ ಉಪಾಸ ಬೀಳಬಾರ್ದಲ್ಲ."