ನಿಮಿಷಕ್ಕೆ ಆರು

ಥರ್ಮಾಮೀಟರು ಮೂವತ್ತೈದರಿಂದ ಶುರುವಾಗುತ್ತದೆ.
ಸೈರಕಾನಳ ಕಂಕುಳಲ್ಲಿ ಹತ್ತು ನಿಮಿಷ ಇದ್ದರೂ
ಪಾದರಸ ಬುಡ ಬಿಟ್ಟು ಏಳಲಿಲ್ಲ.
ಕೆಟ್ಟಿರಬೇಕು, ಅಂದಳು ಸೊಸೆ. ಕೆಟ್ಟಿರಲಿಲ್ಲ.

ಜನವರಿ. ಅತ್‌ಬಾಶಿಯ ಅಂಗಳದಲ್ಲಿ
ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ,
ಕುದುರೆಗಳ ಮೂತಿಯಲ್ಲಿ ಹೊಗೆ.
ಒಳಗೆ ಒಲೆಯ ಬದಿ ಎರಡು ಕೌದಿ, ಒಂದು ಕುರಿತೊಗಲಿನ ಕೋಟು,
ಅದರಡಿ ಈಕೆ:
ಉಬ್ಬಿದ ರೆಪ್ಪೆ, ತುದಿ ಉದುರಿದ ಹುಬ್ಬು,
ಒತ್ತಿದರೂ ಗುಳಿ ಬೀಳದ ಊದಿದ ಕಾಲು.
ಎದೆ ಏರಿತು. ನಾನು ಗಡಿಯಾರ ನೋಡಿದೆ.
ಹತ್ತು ಸೆಕೆಂಡು ಯಾವ ಅವಸರವೂ ಇಲ್ಲದೆ ಹೋಯಿತು.
ಆಮೇಲೆ, ಮರೆತದ್ದೇನೋ ನೆನಪಾದಂತೆ,
ಮತ್ತೊಂದು.

'ನಿದ್ದೆ ಜಾಸ್ತಿ' ಅಂದ ಮಗ. 'ವಯಸ್ಸಲ್ಲವೆ?
ಆಗಸ್ಟಿನಲ್ಲೂ ಸ್ವೆಟರು ಹಾಕುತ್ತಿದ್ದಳು.
ದನಿ ಗಂಡಸಿನದಾಗಿತ್ತು. ನಾವು ನಗುತ್ತಿದ್ದೆವು.'

ಆ ದನಿ ನನಗೂ ಗೊತ್ತು.
ಮೂವತ್ತು ವರ್ಷ ಊರಿನ ಟೆಲಿಫೋನು ಅವಳ ಕೊರಳಿನಲ್ಲಿತ್ತು.
ನಾನು ಹುಟ್ಟಿದ ಸುದ್ದಿ ಗಡಿಕಾವಲಿನಲ್ಲಿದ್ದ ಅಪ್ಪನಿಗೆ
ಅವಳೇ ದಾಟಿಸಿದ್ದು: 'ಮಾತಾಡಿ, ಲೈನು ಸಿಕ್ಕಿದೆ.'
ಅದೇ ಕೊರಳಿನಲ್ಲಿ ಚಿಟ್ಟೆಯಷ್ಟು ಒಂದು ಗ್ರಂಥಿ
ಸದ್ದಿಲ್ಲದೆ ಕೆಲಸ ಬಿಟ್ಟಿತ್ತು.

ಕಿಟಕಿಯಲ್ಲಿ ಖಾಲಿ ಡಬ್ಬಿ. ಬೇಳೆಕಾಳಿನಷ್ಟು ಮಾತ್ರೆ,
ಎಲೆ ಉದುರುವಾಗಲೇ ಮುಗಿದಿತ್ತು.
ಮೈ ಹಗುರಾಗಿದೆ, ಇನ್ನು ಯಾಕೆ, ಅಂದಳಂತೆ.
ಯಾರೂ ಉಸಿರೆತ್ತಲಿಲ್ಲ.

ಗಾಡಿಯಲ್ಲಿ ನಿಮಿಷಕ್ಕೆ ನಾಲ್ಕಾಯಿತು. ಮುಂದೆ ಕಾಯಲಿಲ್ಲ,
ಮುಖಕ್ಕೆ ಮಾಸ್ಕು ಒತ್ತಿ ರಬ್ಬರು ಚೀಲ ಹಿಸುಕಿದೆ.
ಮಡಿಯಾರ್ ಘಟ್ಟದ ಹಿಮದಲ್ಲಿ ಗೇರು ಬದಲಿಸುತ್ತ
ಬೈಯುತ್ತಿದ್ದ, ದೇವರನ್ನೋ ರಸ್ತೆ ಇಲಾಖೆಯನ್ನೋ.
ಹಿಸುಕು. ಬಿಡು. ಒಂದು, ಎರಡು, ಮೂರು, ನಾಲ್ಕು. ಹಿಸುಕು.
ನಲವತ್ತೈದು ಕಿಲೋಮೀಟರು.
ಬಲಗೈ ಸೋತಿತು; ಎಡಗೈ; ಮತ್ತೆ ಬಲಗೈ.
ಉಸಿರಾಟ ಇಷ್ಟು ಕೂಲಿಯ ಕೆಲಸ ಎಂದು
ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ
ನಾನೂ ಒಂದು ದಿನ ಬೇಸತ್ತು ಬಿಟ್ಟುಬಿಡುತ್ತಿದ್ದೆನೇನೋ.

ನಾರಿನ್ ಆಸ್ಪತ್ರೆಯಲ್ಲಿ ಯಂತ್ರ ಅವಳನ್ನು
ನನ್ನ ಕೈಯಿಂದ ಇಸಿದುಕೊಂಡಿತು.
ಒಮ್ಮೆಲೇ ಬಿಸಿ ಮಾಡಬೇಡಿ, ಅಂದರು ಡಾಕ್ಟರು,
ಹೆಪ್ಪುಗಟ್ಟಿದ ಹೊಳೆ ಒಂದೇ ದಿನ ಒಡೆದರೆ
ಸೇತುವೆ ಉಳಿಯುವುದಿಲ್ಲ.

ಒಂಬತ್ತನೆಯ ದಿನ ನಳಿಕೆ ತೆಗೆದರಂತೆ.
ನಾನಿನ್ನೂ ನೋಡಲು ಹೋಗಿಲ್ಲ.
ರಾತ್ರಿ ನಿದ್ದೆಯಲ್ಲಿ ಬಲಗೈ ದಿಂಬಿನ ಮೂಲೆ ಹಿಸುಕುತ್ತದೆ.
ಹೆಂಡತಿ ಒಂದೊಂದೇ ಬೆರಳು ಬಿಡಿಸುತ್ತ
ಯಾರಿಗದು, ಎನ್ನುತ್ತಾಳೆ.
ಲೈನಿನಲ್ಲಿದ್ದಾಳೆ, ಇಡಬೇಡ, ಎನ್ನುತ್ತೇನಂತೆ.